ಬ್ರೂಕ್ಲಿನ್ನಿನ ದೀಪದ ಬೀದಿಗಳು

ಡಿಸೆಂಬರ್ ತಿಂಗಳಿನಲ್ಲಿ ನ್ಯೂಯಾರ್ಕಿನ ಸೀಮೆಯಲ್ಲಿ ಸೂರ್ಯನು ನಾಲ್ಕೂವರೆಗೆಲ್ಲ ಮುಳುಗಿಬಿಡುತ್ತಾನೆ. ನಮ್ಮಲ್ಲಿ ಮಧ್ಯಾಹ್ನದ ನಿದ್ದೆ ತಿಳಿದು ಕಾಫಿಗೆ ನೀರಿಡುವ ಹೊತ್ತಿಗೆ ಅಲ್ಲಿ ಕಗ್ಗತ್ತಲು. ಆ ಕತ್ತಲೆಯ ಮೇಲೆ ಅಲ್ಲಿಯ ಜನಕ್ಕೆ ಏನು ಹಗೆಯೋ ನಾನರಿಯೆ. 2022ರ ಡಿಸೆಂಬರಿನಲ್ಲಿ ಕಾಲೇಜಿಗೆ ಮೂರು ವಾರ ರಜೆ ಹಾಕಿ ಅಕ್ಕನ ಮನೆಗೆ ಹೋದಾಗ, ವಿಮಾನ ನಿಲ್ದಾಣದಿಂದ ಊರಿನವರೆಗೂ ದಾರಿಯ ಇಕ್ಕೆಲಗಳಲ್ಲಿ ಮನೆಮನೆಯ ಸೂರಿಗೂ, ಗಿಡಕ್ಕೂ, ಬೇಲಿಗೂ ದೀಪದ ಸರಗಳನ್ನು ಕಂಡೆ. ಅಕ್ಕನ ಬೀದಿಗೆ ತಿರುಗಿದೆವು. ಅಲ್ಲಿಯೂ ಅದೇ ಸಂಭ್ರಮ. ಆ ಬೀದಿಯಲ್ಲಿ ಕತ್ತಲಾಗಿದ್ದದ್ದು ಒಂದೇ ಮನೆ. ಭಾವನವರ ಕಾರು ಅದರ ಮುಂದೆಯೇ ನಿಂತಿತು.

ಕಾರಣ ನನಗೆ ಗೊತ್ತಿತ್ತು. ಆ ವರ್ಷದ ಆಷಾಢದಲ್ಲಿ ಅಮ್ಮ ತೀರಿಕೊಂಡಿದ್ದರು. ವರ್ಷಾಬ್ದಿಕ ಮುಗಿಯುವ ತನಕ ಮನೆಯಲ್ಲಿ ಹಬ್ಬವಿಲ್ಲ. ಮೈಸೂರಿನಲ್ಲಿ ನಾವು ದೀಪಾವಳಿ ಮಾಡಿರಲಿಲ್ಲ; ಹನ್ನೆರಡು ಸಾವಿರ ಕಿಲೋಮೀಟರಿಗೂ ಮೀರಿದ ದೂರದಲ್ಲಿ ಅಕ್ಕನೂ ಮಾಡಿರಲಿಲ್ಲ. ಪ್ರತಿ ವರ್ಷ ದೀಪಾವಳಿಗೆ ಹಾಕಿದ ಸೀರಿಯಲ್ ಸೆಟ್ಟನ್ನು ಹೊಸ ವರ್ಷದವರೆಗೆ ತೆಗೆಯದೆ, ಒಂದೇ ಖರ್ಚಿನಲ್ಲಿ ಎರಡು ಹಬ್ಬ ಮುಗಿಸುವುದು ಅಲ್ಲಿಯ ನಮ್ಮ ಜನರ ಜಾಣತನ. ಈ ಸಲ ಆ ಸರಗಳು ಗ್ಯಾರೇಜಿನ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಯೇ ಉಳಿದಿದ್ದವು.

ಅಕ್ಕನಿರುವ ಊರಿನ ಹೆಸರು ಎಡಿಸನ್. ಹೆಸರು ಆಕಸ್ಮಿಕವಲ್ಲ. ವಿದ್ಯುದ್ದೀಪದ ಥಾಮಸ್ ಎಡಿಸನ್ನನ ಪ್ರಯೋಗಶಾಲೆಯಿದ್ದ ಮೆನ್ಲೊ ಪಾರ್ಕ್ ಇದೇ ಊರಿನ ಒಂದು ಭಾಗ. 1954ರಲ್ಲಿ ಊರಿಗೇ ಆತನ ಹೆಸರನ್ನಿಟ್ಟರು. ಅಲ್ಲಿ 131 ಅಡಿ ಎತ್ತರದ ಒಂದು ಸ್ಮಾರಕ ಗೋಪುರವಿದೆ. ನಮ್ಮ ಗೋಪುರಕ್ಕೆ ಕಲಶವಿಡುವಂತೆ ಅದರ ನೆತ್ತಿಯ ಮೇಲೆ ಗಾಜಿನ ದೊಡ್ಡದೊಂದು ಬಲ್ಬನ್ನಿಟ್ಟಿದ್ದಾರೆ. 1879ರ ಡಿಸೆಂಬರ್ 31ರಂದು ಎಡಿಸನ್ ತನ್ನ ದೀಪವನ್ನು ಸಾರ್ವಜನಿಕರಿಗೆ ತೋರಿಸಿದ್ದು ಇಲ್ಲಿಯೇ. ಮೂರು ವರ್ಷಗಳ ಬಳಿಕ, 1882ರಲ್ಲಿ, ಆತನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ಎಂಬತ್ತು ಬಲ್ಬುಗಳನ್ನು ಕಟ್ಟಿ, ಮರವನ್ನು ವಿದ್ಯುತ್ತಿನಿಂದಲೇ ತಿರುಗುವಂತೆ ಮಾಡಿದ. ಕ್ರಿಸ್ಮಸ್ ಮರಕ್ಕೆ ವಿದ್ಯುದ್ದೀಪ ಕಟ್ಟಿದ ಮೊದಲಿಗನವನು. ಅಲ್ಲಿಯವರೆಗೆ ಮರದ ಕೊಂಬೆಗಳ ಮೇಲೆ ಮೇಣದ ಬತ್ತಿ ಹಚ್ಚುತ್ತಿದ್ದರು. ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಳ್ಳುತ್ತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ಮರವೇ ಮೂರು ಬಣ್ಣದ್ದು, ಮೊದಲ ಮರವೇ ತಿರುಗಿದ್ದು. ಸರಳವಾಗಿದ್ದದ್ದು ಕಾಲಕ್ರಮದಲ್ಲಿ ಕೆಟ್ಟಿತು ಎನ್ನುವವರಿಗೆ ಈ ಇತಿಹಾಸ ಸಹಾಯ ಮಾಡುವುದಿಲ್ಲ.

ಹೀಗೆ ಹೇಳುತ್ತಿರುವ ನಾನೇ ಅಂಥವರ ಸಾಲಿಗೆ ಸೇರಿದವನು. ಕನ್ನಡ ಎಂ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಓದಿದವನಿಗೆ ಅಂಟಿಕೊಳ್ಳುವ ಒಂದು ರೋಗವೆಂದರೆ ಔಚಿತ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ಸೊಂಟಕ್ಕೆ ಕಟ್ಟುವುದನ್ನು ಕೊರಳಿಗೆ ಕಟ್ಟಿಕೊಂಡರೆ ನಗೆಪಾಟಲು ಎಂಬುದು ಅವನ ತಾತ್ಪರ್ಯ. ಇದನ್ನು ಹತ್ತು ವರ್ಷ ಪಾಠ ಹೇಳಿದ ಮೇಲೆ ನೆಂಟರ ಮನೆಯ ಪರದೆಯಿಂದ ಹಿಡಿದು ಮದುವೆ ಮಂಟಪದ ಥರ್ಮೊಕೋಲಿನವರೆಗೆ ಯಾವುದನ್ನು ಕಂಡರೂ ಅಂಕ ಹಾಕುವ ಚಾಳಿ ಹತ್ತಿಬಿಡುತ್ತದೆ. ದೀಪಾಲಂಕಾರದ ವಿಷಯದಲ್ಲಂತೂ ಮೈಸೂರಿನವನಿಗೆ ಜಂಬ ಸಹಜ. ನಮ್ಮ ಅರಮನೆಗೆ ಸುಮಾರು 97,000 ಬಲ್ಬುಗಳಿವೆ. ಸಂಖ್ಯೆ ಕೇಳಿದರೆ ಅತಿಯೆನ್ನಿಸಬೇಕು. ಆದರೆ ಭಾನುವಾರದ ಸಂಜೆ ಅವು ಒಮ್ಮೆಗೇ ಹೊತ್ತಿಕೊಂಡಾಗ ಕಾಣುವುದು ಬಲ್ಬುಗಳಲ್ಲ, ಅರಮನೆ. ಕಮಾನು ಕಮಾನಾಗಿಯೇ, ಗುಮ್ಮಟ ಗುಮ್ಮಟವಾಗಿಯೇ, ಒಂದೇ ಬಣ್ಣದ ಗೆರೆಯಲ್ಲಿ ಬರೆದಂತೆ ನಿಲ್ಲುತ್ತದೆ. ದೀಪ ಕಟ್ಟಡಕ್ಕೆ ವಿಧೇಯವಾಗಿರಬೇಕು ಎಂಬುದು ನನ್ನ ಮತ. ಅಕ್ಕನ ಬೀದಿಯಲ್ಲಿ ಒಬ್ಬರ ಸೂರಿನ ಮೇಲೆ ಹಿಮಸಾರಂಗವೊಂದು ಕೆಂಪು ಮೂಗನ್ನು ಮಿಟುಕಿಸುತ್ತ ಕುಳಿತದ್ದನ್ನು ಕಂಡು ಮೊದಲ ದಿನವೇ “ಇದೇನು ಜಾತ್ರೆ!” ಎಂದುಬಿಟ್ಟೆ.

ಅಕ್ಕನ ಮಗಳು ಮೇಧಾ, ಒಂಬತ್ತು ವರ್ಷದವಳು, ಅದಕ್ಕೇ ಕಾಯುತ್ತಿದ್ದವಳಂತೆ, “ಮಾಮ, ಇದೇ ಜಾತ್ರೆ ಅಂದರೆ ಡೈಕರ್ ಹೈಟ್ಸ್ ನೋಡಿದರೆ ಏನನ್ನುತ್ತೀಯ?” ಎಂದಳು. ಬ್ರೂಕ್ಲಿನ್ನಿನಲ್ಲಿ ಹಾಗೊಂದು ಬಡಾವಣೆಯಿದೆಯೆಂದೂ, ದೀಪ ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆಂದೂ ಹೇಳಿದಳು. ಅಕ್ಕ “ಈ ವರ್ಷ ಬೇಡ” ಎಂದಳು. ಹುಡುಗಿ ಬಿಡಲಿಲ್ಲ. “ನಮ್ಮ ಮನೆಯಲ್ಲಿ ಹಾಕಬಾರದು ಸರಿ, ಇನ್ನೊಬ್ಬರು ಹಾಕಿದ್ದನ್ನು ನೋಡುವುದು ಹಬ್ಬವೇನಮ್ಮ?” ಈ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿದೆಯೋ ಇಲ್ಲವೋ, ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಕ್ರಿಸ್ಮಸ್ಸಿಗೆ ಐದು ದಿನವಿರುವಾಗ ಹೊರಟೆವು.

ಎಡಿಸನ್ನಿನಿಂದ ಬ್ರೂಕ್ಲಿನ್ನಿಗೆ ಹೋಗುವ ದಾರಿಯಲ್ಲಿ ಸ್ಟಾಟನ್ ದ್ವೀಪವನ್ನು ದಾಟಿದ ಮೇಲೆ ವೆರಜಾನೊ ಸೇತುವೆ ಸಿಗುತ್ತದೆ. 1964ರಲ್ಲಿ ಕಟ್ಟಿದ್ದು, ಎರಡು ಕಂಬಗಳ ನಡುವೆ 4,260 ಅಡಿ ತೂಗಿಕೊಂಡಿದೆ. ಹದಿನೇಳು ವರ್ಷ ಜಗತ್ತಿನಲ್ಲಿ ಇದಕ್ಕಿಂತ ಉದ್ದದ ತೂಗುಸೇತುವೆ ಇರಲಿಲ್ಲ. ಇಟಲಿಯ ನಾವಿಕನೊಬ್ಬನ ಹೆಸರಿನದು. ಐವತ್ತು ವರ್ಷಕ್ಕೂ ಮೇಲೆ ಅವನ ಹೆಸರನ್ನು ಒಂದಕ್ಷರ ಕಡಮೆ ಬರೆದಿದ್ದು 2018ರಲ್ಲಿ ತಿದ್ದಿದರಂತೆ. ಕಾಗುಣಿತ ತಿದ್ದುವುದರಲ್ಲೇ ಆಯುಷ್ಯ ಸವೆಸುವ ನನಗೆ ಆ ಸರ್ಕಾರದ ಮೇಲೆ ಗೌರವ ಹುಟ್ಟಿತು. ಸೇತುವೆಯ ಕಂಬಿಗಳಿಗೂ ದೀಪಗಳಿವೆ, ಒಂದರ ಹಿಂದೆ ಒಂದು, ಬಾಗಿದ ಗೆರೆಯ ಮೇಲೆ ಅಳತೆಗೆಟ್ಟಂತೆ. ಕೆಳಗೆ ಕರಿಯ ನೀರು. “ಇದಕ್ಕೆ ಹತ್ತಕ್ಕೆ ಹತ್ತು” ಎಂದೆ. ಮೇಧಾ “ಬೋರು, ಐದು” ಎಂದಳು. ಅಲ್ಲಿಂದ ಮುಂದೆ ಇಬ್ಬರೂ ಪರೀಕ್ಷಕರಾಗಿಬಿಟ್ಟೆವು.

ಹೆಸರಿಡಲು ಬೇಸರಪಟ್ಟವರಂತೆ ಆ ಕಡೆಯ ಬೀದಿಗಳಿಗೆಲ್ಲ ಸಂಖ್ಯೆಗಳು. 83ನೆಯ ಬೀದಿಯಿಂದ 86ರವರೆಗೆ, 11ನೆಯ ಅವೆನ್ಯೂವಿನಿಂದ 13ರವರೆಗಿನ ಚೌಕವೇ ದೀಪದ ಸೀಮೆ. ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆಯತೊಡಗಿದೆವು. ಚಳಿಗೆ ಕಿವಿ ನೋಯುತ್ತಿತ್ತು. ಮುಂದಿನ ತಿರುವಿನಲ್ಲಿ ಆಕಾಶ ಕೆಂಪಗೆ ಕಾಣಿಸಿತು. ಸಂತೆಯ ಗದ್ದಲದಂಥ ಸದ್ದು ಕೇಳಿಸಿತು. ತಿರುಗಿದೆವು.

ನೋಡಿದ್ದನ್ನು ಕ್ರಮವಾಗಿ ಹೇಳುವುದು ಕಷ್ಟ, ಏಕೆಂದರೆ ಕಣ್ಣು ಯಾವುದನ್ನೂ ಕ್ರಮವಾಗಿ ನೋಡಲಿಲ್ಲ. ಒಂದು ಮನೆಯ ಅಂಗಳದಲ್ಲಿ ಆಳೆತ್ತರದ ದೇವದೂತರ ಗುಂಪು. ಪಕ್ಕದ ಮನೆಯ ಮೆಟ್ಟಿಲಿನ ಮೇಲೆ ತುತ್ತೂರಿಯವರು. ಇನ್ನೊಂದರ ಎದುರಿಗೆ ಮಹಡಿಯಷ್ಟೆತ್ತರದ ಆಟಿಕೆಯ ಸಿಪಾಯಿಗಳು. ಗಿಡಗಳ ಒಂದೊಂದು ರೆಂಬೆಗೂ ಬಿಗಿಯಾಗಿ ಸುತ್ತಿದ ಸರಗಳು, ಎಲೆಯುದುರಿದ ಮರ ದೀಪದಲ್ಲೇ ಚಿಗುರಿದಂತೆ. ಗಾಳಿ ತುಂಬಿದ ಸಾಂತಾಕ್ಲಾಸುಗಳು, ಹಿಮದ ಮನುಷ್ಯರು, ಪೆಂಗ್ವಿನ್ನುಗಳು. (ಈ ಗಾಳಿಗೊಂಬೆಗಳು ಹಗಲು ಹೊತ್ತು ಫ್ಯಾನು ನಿಲ್ಲಿಸಿದಾಗ ಹುಲ್ಲಿನ ಮೇಲೆ ಮುದುಡಿ ಬಿದ್ದಿರುತ್ತವೆ. ಅಕ್ಕನ ಬೀದಿಯಲ್ಲಿ ಬೆಳಗ್ಗೆ ಹೀಗೆ ಮಕಾಡೆ ಬಿದ್ದ ಮೂವರು ಸಾಂತಾಕ್ಲಾಸರನ್ನು ಕಂಡು ಅವರ ಹಿಂದಿನ ರಾತ್ರಿಯ ನಡತೆಯ ಬಗ್ಗೆ ನನಗೆ ಸಂದೇಹ ಬಂದಿತ್ತು.) ಪ್ರತಿ ಮನೆಯಿಂದ ಬೇರೆಬೇರೆ ಹಾಡು, ನಡುವೆ ನಿಂತವನಿಗೆ ಯಾವುದೂ ಹಾಡಲ್ಲ. ಬೀದಿಯಲ್ಲಿ ಹೆಜ್ಜೆಯ ವೇಗಕ್ಕೆ ಇಳಿದ ಕಾರುಗಳು, ಪ್ರವಾಸಿಗಳ ಬಸ್ಸುಗಳು, ಹೆಗಲ ಮೇಲೆ ಮಕ್ಕಳನ್ನು ಹೊತ್ತ ತಂದೆಯರು, ಗಾಲಿ ಕುರ್ಚಿಯಲ್ಲಿ ಕಂಬಳಿ ಹೊದ್ದ ಅಜ್ಜಿಯರು.

ನನ್ನ ಅಂಕಪಟ್ಟಿ ಹೀಗಿತ್ತು. ಕಿಟಕಿಗೊಂದೊಂದು ದೀಪ, ಬಾಗಿಲಿಗೊಂದು ಹಸುರು ಹೂಬಳೆ ಇಟ್ಟಿದ್ದ ಮನೆಗೆ ಒಂಬತ್ತು. ಅಮೆರಿಕದ ಸುಶಿಕ್ಷಿತರು ಅಭಿರುಚಿಯೆಂದು ಒಪ್ಪುವುದು ಈ ಬಗೆಯನ್ನೇ: ಬಿಳಿಯ ದೀಪ, ಮಿತವಾಗಿ, ಮಿಟುಕದಂತೆ. ಬಣ್ಣ ಬಂದರೆ ಒಂದು ಮೆಟ್ಟಿಲು ಕೆಳಗೆ, ಮಿಟುಕಿದರೆ ಎರಡು, ಹಾಡಿದರೆ ಮುಗಿಯಿತು. ಸಿಪಾಯಿಗಳ ಮನೆಗೆ ನಾನು ನಾಲ್ಕು ಕೊಟ್ಟೆ, ಮೇಧಾ ಹತ್ತು. ನೀಲಿ ದೀಪಗಳಲ್ಲಿ ಮುಳುಗಿದ್ದ ಒಂದು ಮನೆಗೆ ಸೊನ್ನೆಯನ್ನೇ ಕೊಡುವವನಿದ್ದೆ. ಹಳೆಯ ಬಗೆಯ ದಪ್ಪ ಬಲ್ಬು ಒಂದಕ್ಕೆ ಏಳು ವಾಟ್. ಇಪ್ಪತ್ತೈದರ ಒಂದು ಸರಕ್ಕೆ 175 ವಾಟ್. ನಾಲ್ಕು ಸರ ಹಾಕುವಷ್ಟರಲ್ಲಿ ಮನೆಯ ಫ್ಯೂಸೂ ಮೀಟರೂ ಯಜಮಾನನಿಗೆ ಔಚಿತ್ಯವನ್ನು ಬೋಧಿಸುತ್ತಿದ್ದವು. ಈಗಿನ ಎಲ್‌ಇಡಿ ದೀಪಕ್ಕೆ ಒಂದು ವಾಟಿನ ಹತ್ತರಲ್ಲೊಂದು ಪಾಲೂ ಬೇಡ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಅದು ಲೋಕಕ್ಕೆ ಅಗ್ಗದ ಬೆಳಕನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಿತಿಯನ್ನು ತಾನಾಗಿ ಕಲಿಸುತ್ತಿದ್ದ ಮೀಟರು ಅಂದಿನಿಂದ ಸುಮ್ಮನಾಯಿತು.

ಅಲ್ಲಿ ನನಗೆ ಹಿಡಿಸದೇ ಹೋದದ್ದು ಬೇರೊಂದು ಬಗೆ. ಕೆಲವು ಮನೆಗಳವರು ಗುತ್ತಿಗೆದಾರರನ್ನು ಕರೆಸಿ ಕೆಲಸ ಮಾಡಿಸುತ್ತಾರೆ. ಅಂಥವುಗಳನ್ನು ದೂರದಿಂದಲೇ ಗುರುತಿಸಬಹುದು: ಸರ ಎಲ್ಲಿಯೂ ಜೋತಿರುವುದಿಲ್ಲ, ಬಣ್ಣ ಎಲ್ಲಿಯೂ ತಪ್ಪಿರುವುದಿಲ್ಲ. ತಪ್ಪು ಹುಡುಕಲು ಸಾಧ್ಯವಿಲ್ಲ; ಎರಡನೆಯ ಸಲ ನೋಡಲೂ ಮನಸ್ಸಾಗುವುದಿಲ್ಲ. ಅದರ ಪಕ್ಕದಲ್ಲಿ, ಬಣ್ಣ ಮಾಸಿದ ಪ್ಲಾಸ್ಟಿಕ್ಕಿನ ಕುರಿಯೊಂದರ ಮುರಿದ ಕಾಲಿಗೆ ತಂತಿ ಸುತ್ತಿ ನಿಲ್ಲಿಸಿದ್ದ ಗೋದಲಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಕೂಸು, ತಾಯಿ, ಜೋಸೆಫ್, ಎತ್ತು, ಕತ್ತೆ. ಇದು ಇಟಲಿಯವರ ಹಳೆಯ ಪದ್ಧತಿ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿಯನ್ನು ಸಜ್ಜುಗೊಳಿಸಿದಂದಿನಿಂದ ಬೆಳೆದು ಬಂದದ್ದು. ಈ ಬಡಾವಣೆ ಬಹುಕಾಲ ಇಟಲಿ ಮೂಲದವರದು. ಈಗ ಚೀನೀ ಕುಟುಂಬಗಳೂ ಬೇಕಾದಷ್ಟಿವೆ. ದಕ್ಷಿಣ ಇಟಲಿಯ ಊರುಗಳಲ್ಲಿ ಸಂತರ ಹಬ್ಬಕ್ಕೆ ಬೀದಿಯ ಉದ್ದಕ್ಕೂ ಮರದ ಕಮಾನುಗಳನ್ನು ನಿಲ್ಲಿಸಿ ಸಾವಿರಗಟ್ಟಲೆ ಬಣ್ಣದ ದೀಪಗಳನ್ನು ಕೂರಿಸುವ ವಾಡಿಕೆಯಿದೆ. ಸ್ಕೊರ್ರಾನೊ ಎಂಬ ಊರು ಅದಕ್ಕೇ ಹೆಸರಾದದ್ದು. ನಾನು “ಜಾತ್ರೆ” ಎಂದು ಮೂಗು ಮುರಿದದ್ದು ನಿಜವಾಗಿಯೂ ಜಾತ್ರೆಯೇ ಆಗಿತ್ತು. ಜಾತ್ರೆಗೆ ಅರಮನೆಯ ಅಳತೆಗೋಲು ಹಿಡಿದವನು ನಾನು. ಇನ್ನು ಗೋದಲಿಯೋ, ದಸರಾ ಬೊಂಬೆಯ ಅಣ್ಣತಮ್ಮನಂತಿತ್ತು. ನಮ್ಮ ಮನೆಯ ಬೊಂಬೆ ಮೆಟ್ಟಿಲಿನಲ್ಲಿ ಪಟ್ಟದ ಬೊಂಬೆಗಳ ಪಕ್ಕದಲ್ಲೇ ಒಂದು ರಬ್ಬರಿನ ಆನೆ, ಒಬ್ಬ ಕ್ರಿಕೆಟ್ ಆಟಗಾರ, ಕಿವಿ ಮುರಿದ ಒಂದು ಜಿರಾಫೆ ಇರುತ್ತಿದ್ದವು. ಒಮ್ಮೆ ನಾನು ಜಿರಾಫೆಯನ್ನು ತೆಗೆದಿಟ್ಟಾಗ ಅಮ್ಮ, “ಅದು ನಿನ್ನಕ್ಕನದು ಕಣೋ” ಎಂದು ಮತ್ತೆ ತಂದು ನಿಲ್ಲಿಸಿದ್ದರು.

ಇದನ್ನು ಅಕ್ಕನಿಗೆ ಹೇಳಬೇಕೆಂದು ತಿರುಗಿದೆ. ಅವಳು ಎರಡು ಮನೆ ಹಿಂದೆಯೇ ಉಳಿದಿದ್ದಳು. ದೇವದೂತರ ಅಂಗಳದ ಮುಂದೆ ಒಬ್ಬ ವಯಸ್ಸಾದ ಹೆಂಗಸು, ಆ ನೆರೆಹೊರೆಯವಳೇ ಇರಬೇಕು, ಅವಳೊಡನೆ ಮಾತನಾಡುತ್ತಿದ್ದಳು. ನಾವು ಹತ್ತಿರ ಹೋದೆವು. ಈ ಬೀದಿಗಳ ದೀಪಕ್ಕೆ ಮೊದಲಾದದ್ದು ಹೇಗೆಂದು ಆಕೆ ಹೇಳುತ್ತಿದ್ದಳು. 1986ರಲ್ಲಿ ಇಲ್ಲಿಗೆ ಬಂದು ನೆಲಸಿದ ಒಬ್ಬ ಗೃಹಿಣಿ ತನ್ನ ತಾಯಿಯ ನೆನಪಿಗಾಗಿ ಮನೆಗೆ ದೀಪ ಹಾಕತೊಡಗಿದಳು. ತಾಯಿಗೆ ಕ್ರಿಸ್ಮಸ್ಸಿನ ಅಲಂಕಾರವೆಂದರೆ ಪ್ರಾಣ. ಮೊದಮೊದಲು ಅಕ್ಕಪಕ್ಕದವರು ಗೊಣಗಿದರು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ತಾವೂ ಹಾಕಿದರು. ಅಷ್ಟು ಹೇಳಿ ಆ ಮುದುಕಿ “ಮೆರಿ ಕ್ರಿಸ್ಮಸ್” ಎಂದು ಹೊರಟುಹೋದಳು.

ಅಕ್ಕ ಏನೂ ಹೇಳಲಿಲ್ಲ. ತಾಯಿ ಹೋದರೆ ನಾವು ದೀಪ ಆರಿಸುತ್ತೇವೆ. ಇವಳಾರೋ ತಾಯಿ ಹೋದಳೆಂದು ದೀಪ ಹಚ್ಚಿದಳು. ಹಾಗೆಂದು ಬೆಳಕನ್ನು ತಡೆದು ದುಃಖ ತೋರುವುದು ಆ ದೇಶಕ್ಕೆ ಹೊಸದೂ ಅಲ್ಲ. 1979ರಲ್ಲಿ ಇರಾನಿನಲ್ಲಿ ಅಮೆರಿಕದವರು ಒತ್ತೆಯಾಳುಗಳಾಗಿದ್ದಾಗ ಅಧ್ಯಕ್ಷ ಕಾರ್ಟರ್ ವಾಷಿಂಗ್ಟನ್ನಿನ ರಾಷ್ಟ್ರೀಯ ಕ್ರಿಸ್ಮಸ್ ಮರದಲ್ಲಿ ತುದಿಯ ನಕ್ಷತ್ರವೊಂದನ್ನು ಬಿಟ್ಟು ಉಳಿದ ದೀಪಗಳನ್ನು ಹೊತ್ತಿಸಲಿಲ್ಲ. ಅವರ ಬಿಡುಗಡೆಯಾದ ಮೇಲೆ, 1981ರ ಜನವರಿಯಲ್ಲಿ, ಪೂರ್ತಿ ಬೆಳಗಿಸಿದರು. ಭಾವನವರು ಇದನ್ನು ಮೇಧಾಳಿಗೆ ವಿವರಿಸುತ್ತ ಮುಂದೆ ನಡೆದರು.

ಅವರಿಗೆ ಇಂಥ ಸಂಗತಿಗಳೆಂದರೆ ಇಷ್ಟ. ಲಿಟಲ್ ರಾಕ್ ನಗರದ ಜೆನಿಂಗ್ಸ್ ಆಸ್ಬಾರ್ನ್ ಎಂಬ ಧನಿಕನ ಕಥೆಯನ್ನೂ ಅವರೇ ಹೇಳಿದರು. ಆತನೂ 1986ರಲ್ಲಿಯೇ ಪುಟ್ಟ ಮಗಳ ಆಸೆಗೆಂದು ಸಾವಿರ ದೀಪಗಳಿಂದ ಮೊದಲಿಟ್ಟು, ಕೆಲವೇ ವರ್ಷಗಳಲ್ಲಿ ಮೂವತ್ತು ಲಕ್ಷಕ್ಕೆ ಮುಟ್ಟಿಸಿದ. ಅಕ್ಕಪಕ್ಕದ ಮನೆಗಳನ್ನು ಕೊಂಡು ಅವುಗಳಿಗೂ ಕಟ್ಟಿದ. ನೋಡಬಂದವರ ಕಾರುಗಳಿಂದ ನೆರೆಯವರು ತಮ್ಮ ಮನೆ ಸೇರುವುದೇ ಕಷ್ಟವಾಗಿ ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಅರ್ಕನ್ಸಾ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ಅವರ ಪರವಾಗಿಯೇ ನಿಂತಿತು. ದೀಪಗಳೆಲ್ಲ ಫ್ಲಾರಿಡಾದ ಡಿಸ್ನಿ ಉದ್ಯಾನಕ್ಕೆ ವಲಸೆ ಹೋಗಿ 1995ರಿಂದ 2016ರ ಜನವರಿಯವರೆಗೆ ಅಲ್ಲಿ ಉರಿದವು. ಮಗಳ ಮೇಲಿನ ಅಕ್ಕರೆ ಒಳ್ಳೆಯದೇ. ಆದರೆ ಪಕ್ಕದ ಮನೆಯ ರೋಗಿಗೆ ಆಂಬುಲೆನ್ಸ್ ಬರಲಾಗದಿದ್ದರೆ ಅಲ್ಲಿ ಅಭಿರುಚಿಯ ಮಾತೇ ಏಳುವುದಿಲ್ಲ. ನಾನು ನ್ಯಾಯಾಧೀಶನಾಗಿದ್ದರೂ ಅದೇ ತೀರ್ಪು ಕೊಡುತ್ತಿದ್ದೆ. ಡೈಕರ್ ಹೈಟ್ಸಿನಲ್ಲಿಯೂ ತನ್ನ ಮನೆಯ ಗೇಟಿನ ಮುಂದೆ ನಿಂತ ಕಾರಿನವನೊಡನೆ ಜಗಳಕ್ಕೆ ನಿಂತ ಒಬ್ಬ ಗೃಹಸ್ಥನನ್ನು ಕಂಡೆ. ಅವನ ಮನೆಯಲ್ಲಿ ದೀಪವಿರಲಿಲ್ಲ. ಯಾರೂ ಅವನ ಚಿತ್ರ ತೆಗೆಯುತ್ತಿರಲಿಲ್ಲ.

ಅಕ್ಕನೂ ನಾನೂ ಹಿಂದೆ ಉಳಿದೆವು. ಆಷಾಢದಿಂದ ನಮ್ಮಿಬ್ಬರ ನಡುವೆ ಆಡದೇ ಉಳಿದ ಒಂದು ಮಾತಿತ್ತು. ಅಮ್ಮ ಹೋದಾಗ ಅವಳು ಮೈಸೂರು ತಲಪಿದ್ದು ಮೂರನೆಯ ದಿನ. ಕಾಯುವುದು ಬೇಡವೆಂದು ಹಿರಿಯರು ಹೇಳಿದರು, ಒಪ್ಪಿದವನು ನಾನು. ಬಂದವಳು ಬರಿದಾದ ಮಂಚವನ್ನು ನೋಡಿದಳು. ಅಂದಿನಿಂದ ಫೋನಿನಲ್ಲಿ ಹವೆಯ ವಿಷಯ, ಮಗುವಿನ ಶಾಲೆಯ ವಿಷಯ ಮಾತನಾಡುತ್ತಿದ್ದೆವು.

“ಅಮ್ಮ ಮಲಗಿದ್ದ ಕಡೆ ದೀಪ ಇಟ್ಟಿದ್ದಿರಲ್ಲ,” ಎಂದಳು ಅಕ್ಕ. ಎದುರಿನ ಮನೆಯ ಹಸುರು ಬೆಳಕು ಅವಳ ಕನ್ನಡಕದಲ್ಲಿ ಹೊತ್ತಿ ಹೊತ್ತಿ ಆರುತ್ತಿತ್ತು. “ನಾನು ಬರುವವರೆಗೆ ಅದಕ್ಕೆ ಎಣ್ಣೆ ಹಾಕಿದವರು ಯಾರು?”

“ಹಗಲು ಚಿಕ್ಕಮ್ಮ. ರಾತ್ರಿ ನಾನು.”

“ಆರಿತ್ತೇನೋ?”

“ಇಲ್ಲ. ನೀನು ಬರುವ ಹಿಂದಿನ ರಾತ್ರಿ ಬತ್ತಿ ತೀರಾ ಸಣ್ಣದಾಗಿತ್ತು. ಹೊಸ ಬತ್ತಿಗೆ ಅದರಿಂದಲೇ ಹೊತ್ತಿಸಿಕೊಂಡೆ.” ಸ್ವಲ್ಪ ತಡೆದು, “ಕಾಯಬೇಕಾಗಿತ್ತು ಅಕ್ಕ” ಎಂದೆ.

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೈಗವಸಿನಿಂದ ಮೂಗು ಒರೆಸಿಕೊಂಡು, “ಚಳಿ” ಎಂದಳು. ನಂತರ, “ಈ ಮನೆಗೆ ಎಷ್ಟು ಕೊಟ್ಟೆ?” ಎಂದು ಕೇಳಿದಳು. ನಾನು ತಿರುಗಿ ನೋಡಿದೆ. ಸೂರಿನಿಂದ ನೆಲದವರೆಗೆ ಒಂದಂಗುಲವೂ ಬಿಡದೆ ದೀಪ ಬಳಿದಿದ್ದ ಮನೆ. ಅಂಗಳದಲ್ಲಿ ಹಂಸಗಳು, ರೈಲು, ಮೂರು ಜನ ಜ್ಞಾನಿಗಳು, ಒಂದು ಡೈನೋಸಾರು. ಕ್ಷೇಮೇಂದ್ರ ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದ. ನಾನು ಅಂಕ ಹಾಕುವುದನ್ನು ಆಗಲೇ ಮರೆತಿದ್ದೆ.

ಒಂಬತ್ತು ಗಂಟೆಯ ಹೊತ್ತಿಗೆ ಒಂದೊಂದೇ ಮನೆ ಕತ್ತಲಾಗತೊಡಗಿತು. ಹಾಡುಗಳು ನಡುವೆಯೇ ನಿಂತವು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಆ ಹತ್ತು ನಿಮಿಷಗಳೇ ಎಂದರೆ ಮೇಧಾ ಒಪ್ಪುವುದಿಲ್ಲ. ಬೀದಿಯ ಕೊನೆಯಲ್ಲಿ ಉಳಿದಿದ್ದ ಒಂದು ಮನೆಯ ಹಳದಿ ದೀಪಗಳನ್ನು ಜನ ಸದ್ದಿಲ್ಲದೆ ನೋಡುತ್ತ ನಿಂತಿದ್ದರು. ಕಾರಿನಲ್ಲಿ ಹುಡುಗಿ ಸೇತುವೆ ಬರುವ ಮೊದಲೇ ನಿದ್ದೆ ಹೋದಳು.

ಮರುದಿನ ಬೆಳಗ್ಗೆ ಅಕ್ಕ ತಿಂಡಿಯ ತಟ್ಟೆ ಇಡುತ್ತ, “ಗ್ಯಾರೇಜಿನ ಅಟ್ಟದ ಮೇಲೆ ದೀಪದ ಪೆಟ್ಟಿಗೆ ಇದೆ. ನಿನ್ನ ಭಾವನಿಗೆ ಬೆನ್ನುನೋವು. ಊರಿಗೆ ಹೋಗುವ ಮೊದಲು ಇಳಿಸಿಕೊಟ್ಟು ಹೋಗು. ಈ ವರ್ಷಕ್ಕಲ್ಲ, ಬರುವ ದೀಪಾವಳಿಗೆ” ಎಂದಳು. ಏಣಿ ಹಾಕಿ ಇಳಿಸಿದೆ. ನಾಲ್ಕು ಸರಗಳು ಒಂದಕ್ಕೊಂದು ಹೆಣೆದುಕೊಂಡು ಹಕ್ಕಿಯ ಗೂಡಿನಂತಾಗಿದ್ದವು. ಮೇಧಾ ಒಂದು ತುದಿ, ನಾನೊಂದು ತುದಿ ಹಿಡಿದು ಗ್ಯಾರೇಜಿನ ನೆಲದ ಮೇಲೆ ಕುಳಿತು ಮಧ್ಯಾಹ್ನದವರೆಗೆ ಬಿಡಿಸಿದೆವು. ಎಲ್ಲ ಬಣ್ಣದವೂ ಇದ್ದವು, ಮಿಟುಕುವವೂ ಇದ್ದವು. ಪ್ಲಗ್ಗಿಗೆ ಸಿಕ್ಕಿಸಿ ನೋಡಿದಾಗ ಮೂರನೆಯ ಸರದಲ್ಲಿ ಎರಡು ಬಲ್ಬು ಹೋಗಿದ್ದವು.